2ರ ಘನಮೂಲ ಕೇಳಿದರೆ 1.1487 ಏಕೆ ಬಂತು? ಮ್ಯಾಕ್ಸಿಮಾದಲ್ಲಿ ಫಂಕ್ಷನ್ನನ್ನೇ ಆರ್ಗ್ಯುಮೆಂಟ್ ಆಗಿ ಕೊಡುವುದು

ಪ್ರಶ್ನೆ: ನಾನು ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ವಿದ್ಯಾರ್ಥಿಗಳಿಗೆ ಗಣಿತ ಪಾಠ ಮಾಡುತ್ತೇನೆ. ಪ್ರಾಕ್ಟಿಕಲ್‌ಗೆ ಮ್ಯಾಕ್ಸಿಮಾ ಎನ್ನುವ ಬೀಜಗಣಿತ ಸಾಫ್ಟ್‌ವೇರ್ ಬಳಸುತ್ತೇವೆ. ಮೂಲವನ್ನು ಹೆಜ್ಜೆ ಹೆಜ್ಜೆಯಾಗಿ ಹುಡುಕುವ ನ್ಯೂಟನ್-ರಾಫ್ಸನ್ ವಿಧಾನಕ್ಕೆ ಒಂದು ಫಂಕ್ಷನ್ ಬರೆದೆ. ಯಾವ ಫಂಕ್ಷನ್ನಿನ ಮೂಲ ಬೇಕೋ ಅದರ ಹೆಸರನ್ನೇ ಇದಕ್ಕೆ ಕೊಡುವಂತಿರಬೇಕು ಅನ್ನುವುದು ನನ್ನ ಆಸೆ. ಮೊದಲು ಡೆರಿವೇಟಿವ್ ಅನ್ನು ಡಿಫ್(ಎಫ್(ಆರ್), ಆರ್) ಎಂದು ಬರೆದಿದ್ದೆ. 'ಡಿಫ್‌ನ ಎರಡನೇ ಆರ್ಗ್ಯುಮೆಂಟ್ ವೇರಿಯೇಬಲ್ ಆಗಿರಬೇಕು, ಇಲ್ಲಿ 1 ಇದೆ' ಎನ್ನುವ ಎರರ್ ಬಂತು. ಕೋಡ್ ತಿದ್ದಿದೆ. ಈಗ ಎರರ್ ಇಲ್ಲ, ಆದರೆ ಉತ್ತರವೇ ತಪ್ಪು. 2ರ ಘನಮೂಲ 1.2599 ಅಲ್ವಾ? 5 ಸಲ ಓಡಿಸಿದರೆ 1.1487 ಬರುತ್ತದೆ. 10 ಸಲ ಓಡಿಸಿದರೆ 1.0718. ಜಾಸ್ತಿ ಸಲ ಓಡಿಸಿದಷ್ಟೂ ಹತ್ತಿರ ಬರಬೇಕಾದದ್ದು ದೂರ ಹೋಗುತ್ತಿದೆ. ಈಗಿನ ಕೋಡ್ ಇದು:

ಎನ್ : 3$
ಪಿ(ಎಕ್ಸ್) := ಎಕ್ಸ್^ಎನ್ - 2$
ನ್ಯೂಟ(ಎಫ್, ಎಸ್, ಎನ್) := ಬ್ಲಾಕ್([ಟಿ, ಡಿ, ಆರ್ : ಎಸ್],
  ಡಿ : ಡಿಫ್(ಎಫ್(ಟಿ), ಟಿ),
  ಫಾರ್ ಕೆ ಥ್ರೂ ಎನ್ ಡೂ
    ಆರ್ : ಫ್ಲೋಟ್(ಆರ್ - ಎಫ್(ಆರ್) / ಸಬ್‌ಸ್ಟ್(ಆರ್, ಟಿ, ಡಿ)),
  ಆರ್)$
ನ್ಯೂಟ(ಪಿ, 1, 5);

ಎಲ್ಲಿ ಎಡವಿದ್ದೇನೆ?

ಉತ್ತರ: ನಿಮ್ಮ ಗಣಿತದಲ್ಲಿ ತಪ್ಪಿಲ್ಲ. ನ್ಯೂಟನ್ ವಿಧಾನವನ್ನೂ ಸರಿಯಾಗಿಯೇ ಬರೆದಿದ್ದೀರಿ. ಫಂಕ್ಷನ್ನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೊಡುವಾಗ ತೊಂದರೆ ಆಗಿದೆ. ಈ ತೊಂದರೆ ಚೆನ್ನಾಗಿ ಕಲಿತವರನ್ನೂ ಹಿಡಿಯುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಹಾಗೆ ನಾನೂ ಕೋಡನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಓಡಿಸುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಕ್ಯಾಲ್ಕುಲೇಟರ್‌ನಲ್ಲಿ 1.1487ರ ಐದನೇ ಘಾತ ತೆಗೆಯಿರಿ. 2 ಬರುತ್ತದೆ. 1.0718ರ ಹತ್ತನೇ ಘಾತ ತೆಗೆಯಿರಿ. ಅದೂ ಹೆಚ್ಚುಕಡಿಮೆ 2. ಅಂದರೆ ಮೆಷಿನ್ ಸುಮ್ನೆ ಏನೋ ಒಂದು ಸಂಖ್ಯೆ ಕೊಡುತ್ತಿಲ್ಲ. ಮೊದಲ ಸಲ ಅದು 2ರ ಐದನೇ ಮೂಲ ಹುಡುಕಿ ಕೊಟ್ಟಿದೆ, ಎರಡನೇ ಸಲ ಹತ್ತನೇ ಮೂಲ. ಎರಡೂ ಉತ್ತರ ಕರಾರುವಾಕ್ಕು. ನೀವು ಕೇಳಿದ ಪ್ರಶ್ನೆಯೊಂದು, ಅದಕ್ಕೆ ಕೇಳಿಸಿದ ಪ್ರಶ್ನೆ ಇನ್ನೊಂದು.

ಈಗ ಕೋಡ್ ನೋಡಿ. ಪಿ ಒಳಗೆ ಎನ್ ಇದೆ, ಅದು 3 ಎಂದು ನೀವು ಹೊರಗೆ ಬರೆದಿದ್ದೀರಿ. ನ್ಯೂಟ ಫಂಕ್ಷನ್ನಿಗೂ ಒಂದು ಎನ್ ಇದೆ. ಅದು ಎಷ್ಟು ಸಲ ಓಡಿಸಬೇಕು ಎನ್ನುವ ಲೆಕ್ಕ. ನ್ಯೂಟ ಓಡುತ್ತಿರುವಷ್ಟು ಹೊತ್ತು ಎನ್ ಅಂದರೆ 5. ಆ ಹೊತ್ತಿನಲ್ಲೇ ಅದು ಪಿಯನ್ನು ಕರೆಯುತ್ತದೆ. ಪಿ ತನ್ನ ಎನ್ ಎಷ್ಟು ಎಂದು ನೋಡುತ್ತದೆ. ಅದಕ್ಕೆ ಕಾಣುವುದು 5. ಹಾಗಾಗಿ ಅದು ಎಕ್ಸ್^5 - 2 ಆಗಿಬಿಡುತ್ತದೆ. ಡೆರಿವೇಟಿವ್ ಕೂಡ ಅದರದ್ದೇ ಬರುತ್ತದೆ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ತಪ್ಪಾಗಿರುವುದರಿಂದ ಎಲ್ಲೂ ಎರರ್ ಬರುವುದಿಲ್ಲ.

ಒಂದು ಚೀಟಿಯನ್ನು ಕಲ್ಪಿಸಿಕೊಳ್ಳಿ. ಸಾರಿನ ಪುಡಿ ಮಾಡುವುದು ಹೇಗೆ ಎಂದು ಅಮ್ಮ ಬರೆದುಕೊಟ್ಟಿದ್ದಾರೆ. ಅದರಲ್ಲಿ ಒಂದು ಸಾಲು: 'ಮೆಣಸಿನಕಾಯಿ ಎಷ್ಟು ಅಂತ ಮನೆಯ ಹಿರಿಯರನ್ನು ಕೇಳು'. ಅಮ್ಮನ ಮನಸ್ಸಿನಲ್ಲಿದ್ದದ್ದು ನಿಮ್ಮ ಮನೆಯ ಅಜ್ಜಿ. ಚೀಟಿ ಪಕ್ಕದ ಮನೆಗೆ ಹೋಯಿತು. ಅಲ್ಲಿಯವರು ತಮ್ಮ ಮನೆಯ ಹಿರಿಯರನ್ನು ಕೇಳಿದರು. ಪುಡಿಯೇನೋ ಆಯಿತು, ಖಾರ ಮಾತ್ರ ಬೇರೆ. ಮ್ಯಾಕ್ಸಿಮಾದ ಫಂಕ್ಷನ್ ಇಂಥ ಚೀಟಿ. ಅದರೊಳಗಿನ ಹೆಸರುಗಳಿಗೆ ಬೆಲೆ ಎಷ್ಟು ಎನ್ನುವುದು ಚೀಟಿ ಬರೆದ ಮನೆಯಲ್ಲಿ ತೀರ್ಮಾನ ಆಗುವುದಿಲ್ಲ. ಓದುವ ಮನೆಯಲ್ಲಿ ಆಗುತ್ತದೆ. ಇದನ್ನು ಡೈನಾಮಿಕ್ ಸ್ಕೋಪಿಂಗ್ ಅನ್ನುತ್ತಾರೆ. ಪೈಥಾನ್‌ನಲ್ಲಿ ಹೀಗಿಲ್ಲ. ಅಲ್ಲಿ ಬರೆದ ಜಾಗದ ಬೆಲೆಯನ್ನೇ ನೋಡುತ್ತದೆ. ಆದ್ದರಿಂದ ಪೈಥಾನ್ ಕಲಿತು ಬಂದ ವಿದ್ಯಾರ್ಥಿಗಳಿಗೆ ಇಲ್ಲಿ ದೊಡ್ಡ ಗೊಂದಲ ಆಗುತ್ತದೆ.

ಏಕೆ ಹೀಗೆ ಮಾಡಿದರು ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಕಾರಣ ವಯಸ್ಸು. ಮ್ಯಾಕ್ಸಿಮಾದ ತಾಯಿಬೇರು ಮ್ಯಾಕ್‌ಸೈಮಾ. ಅದರ ಕೆಲಸ ಅಮೆರಿಕದ ಎಂಐಟಿಯಲ್ಲಿ 1968ರಲ್ಲಿ ಶುರುವಾಯಿತು, ಲಿಸ್ಪ್ ಭಾಷೆಯಲ್ಲಿ. ಆಗಿನ ಲಿಸ್ಪ್‌ನಲ್ಲಿ ಹೆಸರುಗಳ ಬೆಲೆ ನೋಡುವ ಕ್ರಮ ಇದೇ ಆಗಿತ್ತು. ಬರೆದ ಜಾಗದ ಬೆಲೆ ನೋಡುವ ಕ್ರಮವನ್ನು ಲಿಸ್ಪ್ ಕುಟುಂಬಕ್ಕೆ ತಂದದ್ದು 1975ರ ಸ್ಕೀಮ್ ಎನ್ನುವ ಭಾಷೆ. ಆಮೇಲೆ ಕಾಮನ್ ಲಿಸ್ಪ್ ಅದನ್ನು ಒಪ್ಪಿಕೊಂಡಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ವಿಲಿಯಂ ಶೆಲ್ಟರ್ 1982ರಿಂದ ಮ್ಯಾಕ್‌ಸೈಮಾದ ಒಂದು ಪ್ರತಿಯನ್ನು ಕಾಪಾಡಿಕೊಂಡು ಬಂದರು. 1998ರಲ್ಲಿ ಅದನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಲೈಸೆನ್ಸ್ ಅಡಿ ಬಿಡುಗಡೆ ಮಾಡಲು ಅನುಮತಿ ಪಡೆದರು. 2001ರಲ್ಲಿ ತೀರಿಕೊಳ್ಳುವವರೆಗೂ ಅದರ ಕೆಲಸ ಬಿಡಲಿಲ್ಲ. ಇವತ್ತು ನಮ್ಮ ಕರ್ನಾಟಕದ ಬಿಎಸ್ಸಿ ಪ್ರಾಕ್ಟಿಕಲ್‌ಗಳಲ್ಲಿ ಮ್ಯಾಕ್ಸಿಮಾ ಪುಕ್ಕಟೆಯಾಗಿ ಸಿಗುತ್ತಿದೆ ಅಂದರೆ ಅವರ ಆ ಪಟ್ಟು ದೊಡ್ಡ ಕಾರಣ. ಈಗಿನ ಮ್ಯಾಕ್ಸಿಮಾ ಓಡುವುದು ಕಾಮನ್ ಲಿಸ್ಪ್ ಮೇಲೆ. ಆದರೆ ನಾವು ಟೈಪ್ ಮಾಡುವ ಭಾಷೆ ಹಳೆಯ ಕ್ರಮವನ್ನೇ ಉಳಿಸಿಕೊಂಡಿದೆ.

ಪಿಯನ್ನು ಹೆಸರಿಲ್ಲದ ಫಂಕ್ಷನ್ ಆಗಿ ಕೊಟ್ಟರೆ ಸರಿಹೋಗಬಹುದು ಅಂತ ನಿಮಗೆ ಅನ್ನಿಸಬಹುದು:

ನ್ಯೂಟ(ಲ್ಯಾಂಬ್ಡಾ([ಎಕ್ಸ್], ಎಕ್ಸ್^ಎನ್ - 2), 1, 5);

ಸರಿಹೋಗುವುದಿಲ್ಲ. ಮ್ಯಾಕ್ಸಿಮಾದ ಲ್ಯಾಂಬ್ಡಾ ಹುಟ್ಟಿದ ಜಾಗದ ಬೆಲೆಗಳನ್ನು ಜೊತೆಗೆ ಕಟ್ಟಿಕೊಂಡು ಹೋಗುವುದಿಲ್ಲ. ಅದೂ ಚೀಟಿಯೇ, ಮೇಲೆ ಹೆಸರು ಬರೆದಿಲ್ಲ ಅಷ್ಟೇ. ಮತ್ತೆ 1.1487 ಬರುತ್ತದೆ. ಎನ್ ಬದಲು ನೇರವಾಗಿ 3 ಬರೆದರೆ ಮಾತ್ರ 1.2599.

ಹಾಗಾದರೆ ಬೆಲೆಯನ್ನು ಚೀಟಿಯೊಳಗೇ ಬರೆದು ಕೊಡಬೇಕು. ಅದಕ್ಕೆ ಮ್ಯಾಕ್ಸಿಮಾದಲ್ಲಿ ಎರಡು ಒಳ್ಳೆಯ ದಾರಿ ಇವೆ. ಒಂದು, ಡಿಫೈನ್:

ಡಿಫೈನ್(ಪಿ(ಎಕ್ಸ್), ಎಕ್ಸ್^ಎನ್ - 2)$

ಇದಕ್ಕೂ ನೀವು ಬರೆದ := ಚಿಹ್ನೆಗೂ ಒಂದೇ ವ್ಯತ್ಯಾಸ, ಆದರೆ ದೊಡ್ಡ ವ್ಯತ್ಯಾಸ. := ಬಳಸಿದರೆ ಬಲಗಡೆ ಇರುವುದನ್ನು ಮ್ಯಾಕ್ಸಿಮಾ ಮುಟ್ಟುವುದಿಲ್ಲ. ಬರೆದದ್ದನ್ನು ಬರೆದ ಹಾಗೇ ಇಟ್ಟುಕೊಳ್ಳುತ್ತದೆ. ಡಿಫೈನ್ ಹಾಗಲ್ಲ. ಅದು ಬಲಗಡೆಯನ್ನು ಮೊದಲು ಲೆಕ್ಕ ಮಾಡಿ, ಬಂದದ್ದನ್ನು ಇಟ್ಟುಕೊಳ್ಳುತ್ತದೆ. ಎನ್ ಆಗ 3 ಇದ್ದರೆ ಪಿ ಒಳಗೆ ಎಕ್ಸ್^3 - 2 ಎಂದೇ ಕೂರುತ್ತದೆ. ಆಮೇಲೆ ಎನ್ ಏನಾದರೂ ಆಗಲಿ, ಪಿ ಬದಲಾಗುವುದಿಲ್ಲ.

ಇನ್ನೊಂದು ದಾರಿ ಬಿಲ್ಡ್‌ಕ್ಯೂ. ಹೆಸರಿಲ್ಲದ ಫಂಕ್ಷನ್ನೇ ಬೇಕು ಅನ್ನುವಾಗ ಇದು ಅನುಕೂಲ:

ನ್ಯೂಟ(ಬಿಲ್ಡ್‌ಕ್ಯೂ([ಎನ್], ಲ್ಯಾಂಬ್ಡಾ([ಎಕ್ಸ್], ಎಕ್ಸ್^ಎನ್ - 2)), 1, 5);

ನ್ಯೂಟ ಶುರುವಾಗುವ ಮುಂಚೆಯೇ ಬಿಲ್ಡ್‌ಕ್ಯೂ ಎನ್ ಇದ್ದ ಜಾಗದಲ್ಲಿ 3 ತುಂಬುತ್ತದೆ. ಒಳಗೆ ಹೋಗುವುದು ಪೂರ್ತಿ ಬರೆದ ಚೀಟಿ.

ಡಿಫೈನ್ ಬಗ್ಗೆ ಮಾತಾಡುತ್ತಿರುವಾಗಲೇ ನಿಮ್ಮ ಮೊದಲ ಎರರ್ ಬಗ್ಗೆಯೂ ಹೇಳಿಬಿಡುತ್ತೇನೆ. ಡಿಫ್(ಎಫ್(ಆರ್), ಆರ್) ಎಂದು ಬರೆದಾಗ ಆರ್ ಬೆಲೆ ಆಗಲೇ 1 ಆಗಿತ್ತು. ಡಿಫ್ ಕೈಗೆ ಆರ್ ಎನ್ನುವ ಅಕ್ಷರ ಸಿಗಲಿಲ್ಲ, 1 ಸಿಕ್ಕಿತು. 1ರ ಮೇಲೆ ಡಿಫರೆನ್ಷಿಯೇಟ್ ಮಾಡಲು ಆಗುತ್ತದೆಯೇ? ಅದನ್ನೇ ಅದು ಹೇಳಿತು. ವಿದ್ಯಾರ್ಥಿಗಳು ಇದೇ ತಪ್ಪನ್ನು ಇನ್ನೊಂದು ರೂಪದಲ್ಲಿ ಮಾಡುತ್ತಾರೆ:

ಡಿಪಿ(ಎಕ್ಸ್) := ಡಿಫ್(ಪಿ(ಎಕ್ಸ್), ಎಕ್ಸ್)$
ಡಿಪಿ(3);

ಇಲ್ಲಿ 3 ಎನ್ನುವುದು ಎರಡೂ ಎಕ್ಸ್ ಜಾಗಕ್ಕೆ ಹೋಗಿ ಕೂರುತ್ತದೆ. ಮತ್ತೆ ಅದೇ ಎರರ್. ಡಿಫೈನ್(ಡಿಪಿ(ಎಕ್ಸ್), ಡಿಫ್(ಪಿ(ಎಕ್ಸ್), ಎಕ್ಸ್)) ಎಂದು ಬರೆದರೆ ಡೆರಿವೇಟಿವ್ ಒಂದೇ ಸಲ ಲೆಕ್ಕ ಆಗಿ ಒಳಗೆ ಉಳಿಯುತ್ತದೆ. ಕೆಲವರು ಇದಕ್ಕೆ ಎರಡು ಸಿಂಗಲ್ ಕೋಟ್ ಹಾಕುವ ರೂಢಿ ಇಟ್ಟುಕೊಂಡಿದ್ದಾರೆ. ಅದೂ ನಡೆಯುತ್ತದೆ. ಆದರೆ ಅದು ಕೆಲಸ ಮಾಡುವುದು ನೀವು ಸಾಲನ್ನು ಟೈಪ್ ಮಾಡಿ ಒಳಗೆ ಕಳಿಸುವ ಹೊತ್ತಿನಲ್ಲಿ. ಬ್ಲಾಕ್ ಒಳಗೆ, ಲೂಪ್ ಒಳಗೆ ಇಟ್ಟರೆ ನಿರೀಕ್ಷೆ ಮಾಡಿದ್ದು ಆಗುವುದಿಲ್ಲ. ಹೊಸಬರಿಗೆ ನಾನು ಡಿಫೈನ್ ಮಾತ್ರ ಕಲಿಸುತ್ತೇನೆ.

ನೀವು ತಿದ್ದಿ ಬರೆದ ಕೋಡ್‌ನಲ್ಲಿ ಟಿ ಎನ್ನುವ ಬೆಲೆ ಇಲ್ಲದ ಲೋಕಲ್ ಅಕ್ಷರ ತಂದು, ಅದರ ಮೇಲೆ ಡೆರಿವೇಟಿವ್ ತೆಗೆದು, ಆಮೇಲೆ ಸಬ್‌ಸ್ಟ್ ಬಳಸಿ ಟಿ ಜಾಗಕ್ಕೆ ಆರ್ ಬೆಲೆ ಹಾಕಿದ್ದೀರಿ. ಬಹಳ ಚೆನ್ನಾಗಿದೆ. ಅದನ್ನು ಹಾಗೇ ಇಟ್ಟುಕೊಳ್ಳಿ. ದಶಮಾಂಶಕ್ಕೆ ತಿರುಗಿಸುವ ಫ್ಲೋಟ್ ಹಾಕಿದ್ದೂ ಒಳ್ಳೆಯದೇ. ಇಲ್ಲದಿದ್ದರೆ ಮ್ಯಾಕ್ಸಿಮಾ ಭಿನ್ನರಾಶಿಯಲ್ಲೇ ಲೆಕ್ಕ ಮಾಡುತ್ತಾ 4/3, 91/72 ಎಂದು ಹೋಗುತ್ತದೆ, ಪ್ರತಿ ಹೆಜ್ಜೆಗೂ ಅಂಕಿಗಳು ಉದ್ದವಾಗುತ್ತವೆ.

ಈಗ ನಿಮಗೆ ಇನ್ನೂ ಎದುರಾಗಿಲ್ಲದ ಒಂದು ತೊಂದರೆ. ಲ್ಯಾಬಿನಲ್ಲಿ ಇವತ್ತಲ್ಲ ನಾಳೆ ಇದು ಬಂದೇ ಬರುತ್ತದೆ. ಯಾರೋ ಒಬ್ಬ ವಿದ್ಯಾರ್ಥಿ ಬೆಳಗ್ಗೆ ಬೇರೆ ಲೆಕ್ಕಕ್ಕೆ ಹೀಗೆ ಬರೆದಿರುತ್ತಾನೆ:

ಎಫ್(ಎಕ್ಸ್) := ಎಕ್ಸ್ + 100$

ಸೆಷನ್ ಮುಚ್ಚಿಲ್ಲ. ಮಧ್ಯಾಹ್ನ ಅದರಲ್ಲೇ ನಿಮ್ಮ ನ್ಯೂಟ ಫಂಕ್ಷನ್ ಹಾಕಿ ನ್ಯೂಟ(ಪಿ, 1, 5) ಎಂದು ಓಡಿಸುತ್ತಾನೆ. ಪಿ ಕೊಟ್ಟಿದ್ದರೂ ಒಳಗೆ ಎಫ್(ಆರ್) ಎಂದಾಗ ಮ್ಯಾಕ್ಸಿಮಾ ಕರೆಯುವುದು ಬೆಳಗ್ಗೆ ಬರೆದ ಎಫ್ ಅನ್ನು! ಬರುವ ಉತ್ತರ -100. ಪಕ್ಕದ ಮೆಷಿನ್‌ನಲ್ಲಿ ಅದೇ ಕೋಡ್ ಬೇರೆ ಉತ್ತರ ಕೊಡುತ್ತದೆ. ನನ್ನ ಲ್ಯಾಬಿನಲ್ಲಿ ಇದು ಆದಾಗ ಇಬ್ಬರು ಹುಡುಗಿಯರು ಅಕ್ಷರ ಅಕ್ಷರವೂ ಹೋಲಿಸಿ ನೋಡಿ, ಕೋಡ್ ಒಂದೇ ಇದೆ ಸರ್ ಎಂದು ಬಂದು ನಿಂತರು. ಕೋಡ್ ಒಂದೇ ಇತ್ತು. ಸೆಷನ್ ಬೇರೆ ಬೇರೆ ಇದ್ದವು.

ಇದಕ್ಕೂ ಕಾರಣ ಲಿಸ್ಪ್ ಮನೆತನವೇ. ಮ್ಯಾಕ್ಸಿಮಾದಲ್ಲಿ ಒಂದು ಹೆಸರಿಗೆ ಎರಡು ಡಬ್ಬಿ ಇರುತ್ತವೆ. ಒಂದರಲ್ಲಿ ಬೆಲೆ, ಇನ್ನೊಂದರಲ್ಲಿ ಫಂಕ್ಷನ್. ನೀವು ಪಿಯನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟಾಗ ಅದು ಹೋಗಿ ಬೀಳುವುದು ಎಫ್‌ನ ಬೆಲೆಯ ಡಬ್ಬಿಗೆ. ಎಫ್(ಆರ್) ಎಂದು ಕರೆದಾಗ ಮ್ಯಾಕ್ಸಿಮಾ ಮೊದಲು ತೆರೆಯುವುದು ಫಂಕ್ಷನ್ ಡಬ್ಬಿ. ಅದು ಖಾಲಿ ಇದ್ದರೆ ಮಾತ್ರ ಬೆಲೆಯ ಡಬ್ಬಿ ನೋಡುತ್ತದೆ. ನಿಮ್ಮ ಕೋಡ್ ಇಷ್ಟು ದಿನ ನಡೆದದ್ದು ಫಂಕ್ಷನ್ ಡಬ್ಬಿ ಖಾಲಿ ಇದ್ದದ್ದರಿಂದ.

ಪರಿಹಾರ ಸುಲಭ. ಎಫ್(ಆರ್) ಎಂದು ಬರೆಯಬೇಡಿ. ಅಪ್ಲೈ(ಎಫ್, [ಆರ್]) ಎಂದು ಬರೆಯಿರಿ. ಅಪ್ಲೈ ತನ್ನ ಎರಡೂ ಆರ್ಗ್ಯುಮೆಂಟನ್ನು ಮೊದಲು ಬಿಡಿಸಿ ನೋಡುತ್ತದೆ. ಅಂದರೆ ಅದು ಎಫ್‌ನ ಬೆಲೆಯ ಡಬ್ಬಿ ತೆರೆದು ಪಿ ಎನ್ನುವ ಹೆಸರು ಕಂಡು, ಪಿಯನ್ನೇ ಕರೆಯುತ್ತದೆ. ಅಪ್ಲೈ ಬೇರೆ ಕಡೆಯೂ ಬಹಳ ಉಪಯೋಗ. ಅಪ್ಲೈ("+", [1, 2, 3]) ಎಂದರೆ 6. ಪ್ಲಸ್ ಚಿಹ್ನೆಯೂ ಒಂದು ಫಂಕ್ಷನ್, ಅದನ್ನೂ ಹೀಗೆ ಕೈಯಿಂದ ಕೈಗೆ ದಾಟಿಸಬಹುದು ಎಂದು ಗೊತ್ತಾದಾಗ ವಿದ್ಯಾರ್ಥಿಗಳ ಮುಖ ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅಪ್ಲೈ ಬಳಸುವಾಗ ಒಂದು ಎಚ್ಚರಿಕೆ ಬೇಕು. ಹೆಸರಿಗೆ ಬೆಲೆಯೂ ಇದ್ದು ಫಂಕ್ಷನ್ನೂ ಇದ್ದರೆ ಅಪ್ಲೈಗೆ ಬೆಲೆಯೇ ಸಿಗುತ್ತದೆ. ಮ್ಯಾಕ್ಸಿಮಾದೊಳಗೇ ಇದಕ್ಕೆ ಉದಾಹರಣೆ ಇದೆ. ಡಿಮಾವ್ರ್ ಎನ್ನುವುದು ಫಂಕ್ಷನ್ ಹೆಸರೂ ಹೌದು, ಸೆಟ್ಟಿಂಗ್ ಹೆಸರೂ ಹೌದು. ಆ ಸೆಟ್ಟಿಂಗ್‌ನ ಬೆಲೆ ಸಾಮಾನ್ಯವಾಗಿ ಫಾಲ್ಸ್. ಅದನ್ನು ಸುಮ್ನೆ ಅಪ್ಲೈಗೆ ಕೊಟ್ಟರೆ, ಫಂಕ್ಷನ್ ಇರಬೇಕಾದ ಕಡೆ ಫಾಲ್ಸ್ ಇದೆ ಎಂದು ಎರರ್ ಬರುತ್ತದೆ. ಹೆಸರಿನ ಮುಂದೆ ಒಂದು ಸಿಂಗಲ್ ಕೋಟ್ ಹಾಕಿ 'ಡಿಮಾವ್ರ್ ಎಂದು ಕೊಟ್ಟರೆ ಕೆಲಸ ಆಗುತ್ತದೆ. ಕೋಟ್ ಹಾಕಿದರೆ ಅರ್ಥ: ಬೆಲೆ ಬೇಡ, ಹೆಸರನ್ನೇ ತೆಗೆದುಕೊಂಡು ಹೋಗು. ನಿಮ್ಮ ವಿದ್ಯಾರ್ಥಿ ಪಿ : 5 ಎಂದು ಎಲ್ಲೋ ಬರೆದಿದ್ದರೆ ನ್ಯೂಟ(ಪಿ, 1, 5) ಒಳಗೆ ಹೋಗುವುದು 5. ಆಗಲೂ 'ಪಿ ಎಂದು ಕೊಟ್ಟರೆ ಸರಿ.

ಸೆಷನ್‌ನಲ್ಲಿ ಏನೇನು ಉಳಿದಿದೆ ಎಂದು ನೋಡಲು ಫಂಕ್ಷನ್ಸ್; ಎಂದು ಟೈಪ್ ಮಾಡಿ. ವಿದ್ಯಾರ್ಥಿ ಬರೆದ ಫಂಕ್ಷನ್‌ಗಳ ಪಟ್ಟಿ ಬರುತ್ತದೆ. ವ್ಯಾಲ್ಯೂಸ್; ಎಂದರೆ ಬೆಲೆ ಕೊಟ್ಟ ಹೆಸರುಗಳ ಪಟ್ಟಿ. ಹೊಸ ಲೆಕ್ಕಕ್ಕೆ ಮುಂಚೆ ಕಿಲ್(ಆಲ್) ಓಡಿಸುವುದನ್ನು ನಾನು ಲ್ಯಾಬಿನಲ್ಲಿ ಕಡ್ಡಾಯ ಮಾಡಿದ್ದೇನೆ. ಇನ್ನೊಂದು ವಿಷಯ: ಬ್ಲಾಕ್ ಒಳಗೆ ಎಫ್(ಎಕ್ಸ್) := ಎಂದು ಫಂಕ್ಷನ್ ಬರೆದರೂ ಅದು ಹೊರಗೆಲ್ಲ ಹರಡುತ್ತದೆ, ಲೋಕಲ್(ಎಫ್) ಎಂದು ಹೇಳದಿದ್ದರೆ. ಒಳಗಡೆ ಸಣ್ಣ ಫಂಕ್ಷನ್ ಬೇಕಾದರೆ ಲ್ಯಾಂಬ್ಡಾ ಬಳಸುವುದೇ ವಾಸಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಸಲಹೆ ಹೇಳುತ್ತೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಕೆಲಸಕ್ಕೆ ಫಂಕ್ಷನ್ನನ್ನು ಕೊಡುತ್ತಲೇ ಇರಲಿಲ್ಲ. ಎಕ್ಸ್‌ಪ್ರೆಶನ್ ಕೊಡುತ್ತಿದ್ದೆ.

ಸಿ ಭಾಷೆಯಲ್ಲಿ, ಪೈಥಾನ್‌ನಲ್ಲಿ ಎಕ್ಸ್^3 - 2 ಎನ್ನುವುದು ಎಕ್ಸ್‌ಗೆ ಬೆಲೆ ಇಲ್ಲದೆ ಬದುಕುವುದೇ ಇಲ್ಲ. ಅಲ್ಲಿ ಫಂಕ್ಷನ್ ಒಂದೇ ಗತಿ. ಆದರೆ ಬೀಜಗಣಿತ ಮಾಡುವ ಸಾಫ್ಟ್‌ವೇರ್‌ನಲ್ಲಿ ಎಕ್ಸ್^3 - 2 ಎನ್ನುವುದೇ ಒಂದು ವಸ್ತು. ಅದನ್ನು ಕೈಯಲ್ಲಿ ಹಿಡಿಯಬಹುದು, ಇನ್ನೊಬ್ಬರಿಗೆ ಕೊಡಬಹುದು, ಡಿಫರೆನ್ಷಿಯೇಟ್ ಮಾಡಬಹುದು. ಆ ಅನುಕೂಲವನ್ನು ಬಿಟ್ಟು ಫಂಕ್ಷನ್ ಹಿಂದೆ ಹೋಗುವುದೇಕೆ? ಹೀಗೆ ಬರೆಯಿರಿ:

ನ್ಯೂಟ2(ಇ, ವಿ, ಎಸ್, ಎನ್) := ಬ್ಲಾಕ್([ಆರ್ : ಎಸ್, ಡಿ : ಡಿಫ್(ಇ, ವಿ)],
  ಫಾರ್ ಕೆ ಥ್ರೂ ಎನ್ ಡೂ
    ಆರ್ : ಫ್ಲೋಟ್(ಆರ್ - ಸಬ್‌ಸ್ಟ್(ಆರ್, ವಿ, ಇ) / ಸಬ್‌ಸ್ಟ್(ಆರ್, ವಿ, ಡಿ)),
  ಆರ್)$
ನ್ಯೂಟ2(ಪಿ(ಎಕ್ಸ್), ಎಕ್ಸ್, 1, 5);

ನೋಡಿ, ಇಲ್ಲಿ ಎನ್ ಎರಡು ಕಡೆ ಇದ್ದರೂ ಜಗಳ ಇಲ್ಲ. ಆರ್ಗ್ಯುಮೆಂಟ್‌ಗಳು ಲೆಕ್ಕ ಆಗುವುದು ನ್ಯೂಟ2 ಶುರುವಾಗುವ ಮುಂಚೆ. ಆ ಹೊತ್ತಿಗೆ ಎನ್ ಇನ್ನೂ 3. ಪಿ(ಎಕ್ಸ್) ಅಲ್ಲೇ ಎಕ್ಸ್^3 - 2 ಆಗಿ ಒಳಗೆ ಹೋಗುತ್ತದೆ. ಚೀಟಿ ಕಳಿಸಲಿಲ್ಲ, ಅಜ್ಜಿಯನ್ನು ಕೇಳಿ ಮಾಡಿದ ಪುಡಿಯನ್ನೇ ಕಳಿಸಿದ ಹಾಗೆ. ನೀವು 1ರಿಂದ ಶುರುಮಾಡಿದರೆ 1.3333, 1.2639, 1.2599 ಎಂದು ಮೂರೇ ಹೆಜ್ಜೆಯಲ್ಲಿ ಹತ್ತಿರ ಬರುತ್ತದೆ. ಐದನೇ ಹೆಜ್ಜೆಯ ಹೊತ್ತಿಗೆ 1.259921.

ಇದಕ್ಕೂ ಒಂದು ಷರತ್ತು ಇದೆ. ಎಕ್ಸ್‌ಗೆ ಹೊರಗೆ ಬೆಲೆ ಇರಬಾರದು. ಎಕ್ಸ್ : 7 ಎಂದು ಎಲ್ಲೋ ಇದ್ದರೆ ಒಳಗೆ ಹೋಗುವುದು 341, ಮತ್ತು ವೇರಿಯೇಬಲ್ ಜಾಗದಲ್ಲಿ 7. ಆಗ ಡಿಫ್ ಮತ್ತೆ ನಿಮ್ಮ ಮೊದಲ ಎರರ್ ಕೊಡುತ್ತದೆ. ಆದರೆ ನನಗೆ ಇದು ಇಷ್ಟ. ತಪ್ಪಾದರೆ ಕೂಗಿ ಹೇಳುತ್ತದೆ. ನಿಮ್ಮ ಹಳೆಯ ಕೋಡ್ ತಪ್ಪಾದಾಗ ಸುಮ್ಮನಿತ್ತು. ಲ್ಯಾಬಿನಲ್ಲಿ ನನಗೆ ಭಯ ಹುಟ್ಟಿಸುವುದು ಸುಮ್ಮನಿರುವ ತಪ್ಪು.

ಮ್ಯಾಕ್ಸಿಮಾ ಬರೆದವರೂ ಇದೇ ಹಾದಿ ಹಿಡಿದಿದ್ದಾರೆ. ಇಂಟಿಗ್ರೇಟ್, ಲಿಮಿಟ್, ಡಿಫ್ ಎಲ್ಲಕ್ಕೂ ಎಕ್ಸ್‌ಪ್ರೆಶನ್ ಮತ್ತು ವೇರಿಯೇಬಲ್ ಕೊಡುತ್ತೇವೆ. ಸಂಖ್ಯೆಯಲ್ಲಿ ಮೂಲ ಹುಡುಕುವ ಫೈಂಡ್_ರೂಟ್ ಎರಡನ್ನೂ ಒಪ್ಪುತ್ತದೆ. ಫೈಂಡ್_ರೂಟ್(ಎಕ್ಸ್^3 - 2, ಎಕ್ಸ್, 1, 2) ಎಂದೂ ಕೇಳಬಹುದು, ಫೈಂಡ್_ರೂಟ್(ಪಿ, 1, 2) ಎಂದೂ ಕೇಳಬಹುದು. ಸಂಖ್ಯೆಯಲ್ಲಿ ಇಂಟಿಗ್ರಲ್ ಲೆಕ್ಕ ಮಾಡುವ ಕ್ವಾಡ್_ಕ್ಯುಎಜಿಎಸ್ ಕೂಡ ಎಕ್ಸ್‌ಪ್ರೆಶನ್, ಫಂಕ್ಷನ್ ಎರಡನ್ನೂ ಒಪ್ಪುತ್ತದೆ.

ಹಾಗಾದರೆ ಫಂಕ್ಷನ್ನನ್ನೇ ಕೊಡಬೇಕಾದ ಸಂದರ್ಭ ಯಾವುದು? ಒಳಗೆ ಇಫ್ ಇದ್ದಾಗ, ಲೂಪ್ ಇದ್ದಾಗ, ಟೇಬಲ್ ನೋಡಿ ಬೆಲೆ ಕೊಡುವಾಗ. ಅಂಥ ಫಂಕ್ಷನ್ನಿಗೆ ಎಕ್ಸ್ ಎನ್ನುವ ಅಕ್ಷರ ಕೊಟ್ಟರೆ ಅದಕ್ಕೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಎಕ್ಸ್ 2ಕ್ಕಿಂತ ಕಡಿಮೆ ಇದ್ದರೆ 0, ಇಲ್ಲದಿದ್ದರೆ ಎಕ್ಸ್ - 2 ಎನ್ನುವ ಫಂಕ್ಷನ್ ತೆಗೆದುಕೊಳ್ಳಿ. ಹೆಸರು ಎಚ್ ಅಂತಿರಲಿ. ಎಚ್(ಎಕ್ಸ್) ಎಂದು ಅಕ್ಷರ ಕೊಟ್ಟರೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ಮ್ಯಾಕ್ಸಿಮಾ ತೀರ್ಮಾನ ಮಾಡದೆ ಇಡೀ ಇಫ್ ವಾಕ್ಯವನ್ನು ಹಾಗೇ ವಾಪಸ್ ಕೊಡುತ್ತದೆ. ಮೇಪಲ್ ತನಗೆ ನಿಜವೋ ಸುಳ್ಳೋ ಗೊತ್ತಾಗುತ್ತಿಲ್ಲ ಎಂದು ಎರರ್ ಕೊಟ್ಟು ನಿಲ್ಲುತ್ತದೆ. ಸೇಜ್ ಇನ್ನೂ ಅಪಾಯದ ದಾರಿ ಹಿಡಿಯುತ್ತದೆ. ಅದು ಪೈಥಾನ್ ಮೇಲೆ ನಿಂತಿದೆ. ಪೈಥಾನ್‌ನ ಇಫ್‌ಗೆ ಹೌದು ಇಲ್ಲ ಎರಡರಲ್ಲಿ ಒಂದು ಬೇಕೇ ಬೇಕು. ಎಕ್ಸ್ 2ಕ್ಕಿಂತ ಕಡಿಮೆ ಎಂದು ಸಾಬೀತು ಮಾಡಲು ಆಗದ್ದರಿಂದ ಇಲ್ಲ ಎಂದು ತೆಗೆದುಕೊಂಡು, ಎಕ್ಸ್ - 2 ಎಂದು ಉತ್ತರ ಕೊಡುತ್ತದೆ. ಪ್ಲಾಟ್(ಎಚ್(ಎಕ್ಸ್), 0, 4) ಎಂದರೆ ಸೊನ್ನೆಯ ಮೇಲೆ ಮಲಗಿ ಆಮೇಲೆ ಏಳಬೇಕಾದ ಗೆರೆ ಬರುವುದಿಲ್ಲ. -2ರಿಂದ ಶುರುವಾಗುವ ಒಂದೇ ನೇರ ಗೆರೆ ಬರುತ್ತದೆ. ಪ್ಲಾಟ್(ಎಚ್, 0, 4) ಎಂದು ಫಂಕ್ಷನ್ನನ್ನೇ ಕೊಟ್ಟರೆ ಚಿತ್ರ ಸರಿಯಾಗಿ ಬರುತ್ತದೆ. ಆಗ ಪ್ಲಾಟ್ ತಾನೇ ಒಂದೊಂದು ಸಂಖ್ಯೆ ಕೊಟ್ಟು ಎಚ್ ಅನ್ನು ಕೇಳುತ್ತದೆ.

ಮೇಪಲ್ ಹೆಸರು ಬಂದದ್ದರಿಂದ ಒಂದು ಮಾತು. ಎಕ್ಸ್‌ಪ್ರೆಶನ್ ಬೇರೆ, ಫಂಕ್ಷನ್ ಬೇರೆ ಎನ್ನುವುದನ್ನು ಅದು ಕಾಣುವ ಹಾಗೆ ಇಟ್ಟಿದೆ. ಡಿಫ್ ಎನ್ನುವುದು ಎಕ್ಸ್‌ಪ್ರೆಶನ್‌ಗೆ, ದೊಡ್ಡಕ್ಷರದ ಡಿ ಎನ್ನುವುದು ಫಂಕ್ಷನ್ನಿಗೆ. ಡಿ(ಸೈನ್) ಎಂದರೆ ಕಾಸ್ ಎಂದೇ ಉತ್ತರ, ಎಕ್ಸ್ ಹೆಸರೇ ಬರುವುದಿಲ್ಲ. ಎಕ್ಸ್‌ಪ್ರೆಶನ್ ಅನ್ನು ಫಂಕ್ಷನ್ ಮಾಡಲು ಅನ್‌ಅಪ್ಲೈ ಎಂಬುದಿದೆ. ಮ್ಯಾಕ್ಸಿಮಾದಲ್ಲಿ ಫಂಕ್ಷನ್ ಕೊಟ್ಟು ಅದರ ಡೆರಿವೇಟಿವ್ ಫಂಕ್ಷನ್ನನ್ನೇ ವಾಪಸ್ ಪಡೆಯಬೇಕಾದರೆ ನಾವೇ ಬರೆದುಕೊಳ್ಳಬೇಕು:

ಡೆರಿವ್(ಎಫ್) := ಬ್ಲಾಕ್([ಟಿ],
  ಬಿಲ್ಡ್‌ಕ್ಯೂ([ಇ : ಡಿಫ್(ಅಪ್ಲೈ(ಎಫ್, [ಟಿ]), ಟಿ)], ಲ್ಯಾಂಬ್ಡಾ([ಟಿ], ಇ)))$

ಘನ(ಎಕ್ಸ್) := ಎಕ್ಸ್^3 ಎಂದು ಬರೆದು ಡೆರಿವ್(ಘನ) ಕೇಳಿದರೆ ಲ್ಯಾಂಬ್ಡಾ([ಟಿ], 3*ಟಿ^2) ಸಿಗುತ್ತದೆ. ಫಂಕ್ಷನ್ ಒಳಗೆ ಹೋಗಿ ಫಂಕ್ಷನ್ ಹೊರಗೆ ಬರುವುದನ್ನು ವಿದ್ಯಾರ್ಥಿಗಳಿಗೆ ಒಂದು ಸಲ ತೋರಿಸಿ. ಡಿಫರೆನ್ಷಿಯೇಶನ್ ಎನ್ನುವುದೇ ಒಂದು ಕ್ರಿಯೆ, ಫಂಕ್ಷನ್‌ಗಳ ಮೇಲೆ ಕೆಲಸ ಮಾಡುವ ಕ್ರಿಯೆ ಎಂದು ಬೋರ್ಡ್ ಮೇಲೆ ಹೇಳುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಕೊನೆಗೆ, ಸಿಲಬಸ್ ಪ್ರಕಾರ ಫಂಕ್ಷನ್ ಹೆಸರನ್ನೇ ಕೊಡಬೇಕು ಎಂದಿದ್ದರೆ ನಿಮ್ಮ ಕೋಡ್ ಹೀಗಿರಲಿ:

ನ್ಯೂಟ(ಎಫ್_, ಎಸ್_, ಸಲ_) := ಬ್ಲಾಕ್([ಟಿ_, ಡಿ_, ಆರ್_ : ಎಸ್_],
  ಡಿ_ : ಡಿಫ್(ಅಪ್ಲೈ(ಎಫ್_, [ಟಿ_]), ಟಿ_),
  ಫಾರ್ ಕೆ_ ಥ್ರೂ ಸಲ_ ಡೂ
    ಆರ್_ : ಫ್ಲೋಟ್(ಆರ್_ - ಅಪ್ಲೈ(ಎಫ್_, [ಆರ್_]) / ಸಬ್‌ಸ್ಟ್(ಆರ್_, ಟಿ_, ಡಿ_)),
  ಆರ್_)$

ಹೆಸರುಗಳ ಕೊನೆಯ ಅಡಿಗೆರೆ ಅಲಂಕಾರಕ್ಕಲ್ಲ. ವಿದ್ಯಾರ್ಥಿ ತನ್ನ ಫಂಕ್ಷನ್ನಿನಲ್ಲಿ ಎನ್, ಆರ್, ಟಿ ಎಂದು ಬರೆಯುವುದು ಸಹಜ. ಆರ್_ ಎಂದು ಯಾರೂ ಬರೆಯುವುದಿಲ್ಲ. ಹೆಸರುಗಳು ಡಿಕ್ಕಿ ಹೊಡೆಯುವ ಸಾಧ್ಯತೆ ಹೀಗೆ ಬಹಳ ಕಡಿಮೆ ಆಗುತ್ತದೆ.

ಓಡಿಸಿ ನೋಡುವಾಗ ಎನ್ : 3 ಇಟ್ಟುಕೊಂಡು ಮೊದಲು 5 ಸಲ, ಆಮೇಲೆ 10 ಸಲ ಓಡಿಸಿ. ಎರಡೂ ಸಲ 1.259921 ಬರಬೇಕು. ಆಮೇಲೆ ಬೇಕೆಂದೇ ಎಫ್(ಎಕ್ಸ್) := ಎಕ್ಸ್ + 100 ಎಂದು ಬರೆದು ಮತ್ತೊಮ್ಮೆ ಓಡಿಸಿ. ಆಗಲೂ ಉತ್ತರ ಅಲ್ಲಾಡದಿದ್ದರೆ ಕೋಡನ್ನು ಲ್ಯಾಬಿಗೆ ತೆಗೆದುಕೊಂಡು ಹೋಗಬಹುದು.